ಮದ್ದು ಆಕಾಶದಿಂದ ಬೀಳುವ ಮೊದಲು

ಕರ್ಕಿಯ ಬೆನ್ನಿಗಿರುವ ಚಿರೆಕಲ್ಲಿನ ಗುಡ್ಡಗಳಲ್ಲಿ ಗೇರು ಮರ ಚಿಗುರಿ ಹೂ ಬಿಡುವ ಕಾಲಕ್ಕೇ ಟೀ ಸೊಳ್ಳೆಯೂ ಬರುತ್ತದೆ. ಹೆಸರಿನಲ್ಲಿ ಸೊಳ್ಳೆಯೆಂದಿದ್ದರೂ ಅದು ತಿಗಣೆಯ ಬಳಗದ ಕೀಟ. ಎಳೆ ಚಿಗುರು, ಹೂಗೊಂಚಲು, ಮಿಡಿಗಳ ರಸವನ್ನು ಹೀರುತ್ತದೆ. ಹೀರಿದ ಜಾಗ ಕಪ್ಪಾಗಿ, ಗೊಂಚಲು ಬೆಂಕಿ ತಗುಲಿದಂತೆ ಒಣಗುತ್ತದೆ. ಈ ಕೀಟಕ್ಕೆ ಮದ್ದು ಹೊಡೆಯುವ ಬಗೆಯನ್ನು ಒಂದು ಕಾಲದಲ್ಲಿ ಸರ್ಕಾರಿ ನಿಗಮಗಳು ತೀರ್ಮಾನಿಸಿದವು. ಅದರ ಬೆಲೆ ತೆತ್ತವರು ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ನಮ್ಮ ಜಿಲ್ಲೆಯಲ್ಲಿಯೂ ಇಂದಿಗೂ ಇದ್ದಾರೆ. ಈಗ ಮತ್ತೊಮ್ಮೆ, ಡ್ರೋನಿನ ರೂಪದಲ್ಲಿ, ಮೇಲಿನಿಂದ ಮದ್ದು ಸುರಿಯುವ ತಂತ್ರಜ್ಞಾನವು ಸಹಾಯಧನದ ಬೆನ್ನೇರಿ ಹಳ್ಳಿಗಳಿಗೆ ಬರುತ್ತಿದೆ. ಆದುದರಿಂದ ಎಂಡೋಸಲ್ಫಾನಿನ ಕಥೆಯನ್ನು ಇನ್ನೊಂದು ದಿಕ್ಕಿನಿಂದ ನೋಡುವುದು ಅಗತ್ಯವೆನಿಸುತ್ತದೆ.

ವಿಜ್ಞಾನಿಗಳು ಸತ್ಯವನ್ನು ಕಂಡುಹಿಡಿಯುತ್ತಾರೆ, ಸರ್ಕಾರವು ಅದನ್ನು ಆಧರಿಸಿ ನೀತಿಯನ್ನು ರೂಪಿಸುತ್ತದೆ ಎಂದು ನಮ್ಮ ವಿದ್ಯಾರ್ಥಿಗಳು ನಂಬಿದ್ದಾರೆ. ಕೆಲವೊಮ್ಮೆ ಹಾಗೆಯೇ ಆಗುವುದೂ ಉಂಟು. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕು, ಯಾವುದನ್ನು ಕೇಳಬೇಕಾಗಿಲ್ಲ ಎಂಬುದನ್ನು ಬಹಳ ಸಲ ನೀತಿಯೇ ಮೊದಲು ನಿರ್ಧರಿಸಿರುತ್ತದೆ. ಕೇಳಿದ ಪ್ರಶ್ನೆಗೆ ವಿಜ್ಞಾನವು ಪ್ರಾಮಾಣಿಕವಾಗಿಯೇ ಉತ್ತರ ಕೊಡುತ್ತದೆ. ಆಮೇಲೆ ಅದೇ ಉತ್ತರವನ್ನು ಮುಂದೆ ಹಿಡಿದು, ಕೇಳದೇ ಉಳಿದ ಪ್ರಶ್ನೆಗಳೂ ಇತ್ಯರ್ಥವಾದವೆಂದು ಸಾರಲಾಗುತ್ತದೆ.

ಗೇರು ವಿದೇಶಿ ವಿನಿಮಯ ತರುವ ಬೆಳೆ ಎಂಬ ಕಾರಣಕ್ಕೆ ಸರ್ಕಾರಗಳು ಗುಡ್ಡಗಳನ್ನು ಗೇರು ತೋಪುಗಳನ್ನಾಗಿ ಮಾಡಿದವು. ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಕೈಯಲ್ಲಿ ಸುಮಾರು 4,600 ಹೆಕ್ಟೇರ್ ತೋಪು ಇತ್ತು. ಕರ್ನಾಟಕದಲ್ಲಿ ಗೇರು ಅಭಿವೃದ್ಧಿ ನಿಗಮವು 1978ರಲ್ಲಿ ಆರಂಭವಾಯಿತು. ಇಷ್ಟು ವಿಸ್ತಾರದ ತೋಪಿಗೆ ಕೈಪಂಪಿನಿಂದ ಮದ್ದು ಹೊಡೆಸುವುದಕ್ಕಿಂತ ಹೆಲಿಕಾಪ್ಟರ್ ಅಗ್ಗವೆಂದು ಲೆಕ್ಕ ಹಾಕಲಾಯಿತು. ಆ ಲೆಕ್ಕ ಕೂಡಿಬರುವುದು ಒಂದೇ ಒಡೆತನದಲ್ಲಿ ಸಾವಿರಾರು ಹೆಕ್ಟೇರ್ ಇದ್ದಾಗ ಮಾತ್ರ. ಒಂದೆರಡು ಎಕರೆಯ ಬೇಣದಲ್ಲಿ ಗೇರು ನೆಟ್ಟ ರೈತನಿಗೆ ಹೆಲಿಕಾಪ್ಟರಿನ ಯೋಚನೆಯೂ ಬಾರದು. ಹೀಗೆ ಭೂಮಿಯ ಒಡೆತನದ ನೀತಿಯು ತಂತ್ರಜ್ಞಾನವನ್ನು ಆರಿಸಿತು. ಯಾವ ಕೀಟವಿಜ್ಞಾನಿಯೂ ಇದನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿದುದಲ್ಲ.

ಮದ್ದಿನ ಆಯ್ಕೆಗೂ ಕಾರಣಗಳಿದ್ದವು. ಎಂಡೋಸಲ್ಫಾನ್ ಅಗ್ಗವಾಗಿತ್ತು. ಜೇನುನೊಣಗಳಿಗೆ ಇತರ ಕೆಲವು ಕೀಟನಾಶಕಗಳಷ್ಟು ಅಪಾಯಕಾರಿಯಲ್ಲವೆಂದು ಕೃಷಿ ಪಠ್ಯಗಳೇ ಅದನ್ನು ಶಿಫಾರಸು ಮಾಡುತ್ತಿದ್ದವು. ಇಂದಿನ ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ಕಾಣಬಹುದು. ಅದನ್ನು ತಯಾರಿಸುತ್ತಿದ್ದ ಕಂಪನಿಗಳಲ್ಲಿ ಕೇಂದ್ರ ಸರ್ಕಾರದ್ದೇ ಆದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಒಂದು. ತಯಾರಿಸುವುದು, ಸಿಂಪಡಿಸುವುದು, ನೋಂದಾಯಿಸಿ ಸುರಕ್ಷಿತವೆನ್ನುವುದು, ಈ ಮೂರೂ ಕೆಲಸಗಳು ಸರ್ಕಾರದ ಬೇರೆ ಬೇರೆ ಕೈಗಳಲ್ಲಿದ್ದವು. ತೋಪಿನ ಕೆಳಗಿನ ಊರಿನಲ್ಲಿ ಏನಾಗುತ್ತದೆ ಎಂದು ಕೇಳುವ ಕೈ ಮಾತ್ರ ಇರಲಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. ಕೀಟನಾಶಕ ಕಾಯಿದೆ 1968ರದ್ದು, ಅದರ ನಿಯಮಗಳು 1971ರವು. ವೈಮಾನಿಕ ಸಿಂಪಡಣೆಗೆ ಕನಿಷ್ಠ 24 ಗಂಟೆ ಮುಂಚಿತವಾಗಿ ಜನರಿಗೆ ತಿಳಿಸಬೇಕು, ಮದ್ದು ಬೀಳುವ ಪ್ರದೇಶವನ್ನು ಗುರುತಿಸಬೇಕು, ಸಂಬಂಧವಿಲ್ಲದ ಜನ ಜಾನುವಾರುಗಳು ಅಲ್ಲಿ ಹೋಗದಂತೆ ತಡೆಯಬೇಕು, ಒಪ್ಪಿತವಾದ ಎತ್ತರದಿಂದಲೇ ಸಿಂಪಡಿಸಬೇಕು ಎಂದು ಆ ನಿಯಮಗಳು ಹೇಳುತ್ತವೆ. ನಿಯಮವನ್ನು ಓದಿದಾಗ ಸಮತಟ್ಟಾದ ಹತ್ತಿಯ ಹೊಲವೊಂದು ಕಣ್ಣಮುಂದೆ ಬರುತ್ತದೆ. ಕಾಸರಗೋಡಿನ ಎಣ್ಮಕಜೆಯಂಥ ಪಂಚಾಯತದಲ್ಲಿ ಗುಡ್ಡದ ತಲೆಯ ಮೇಲೆ ತೋಪು, ಬುಡದಲ್ಲಿ ಮನೆ, ನಡುವೆ ಗುಡ್ಡವನ್ನು ಅಡ್ಡ ಕೊರೆದ ಸುರಂಗ. ಆ ಸುರಂಗದ ನೀರೇ ಕುಡಿಯುವುದಕ್ಕೂ ತೋಟಕ್ಕೂ. ಏರಿಳಿತದ ನೆಲದ ಮೇಲೆ ಮರದ ನೆತ್ತಿಯಿಂದ ಎರಡು ಮೂರು ಮೀಟರ್ ಎತ್ತರ ಕಾಯ್ದುಕೊಂಡು ಹೆಲಿಕಾಪ್ಟರ್ ಹಾರಿಸುವುದು ಸಾಧ್ಯವಿಲ್ಲ. ಬಾವಿಗೆ ಹಾಳೆ ಮುಚ್ಚಬಹುದು, ತೊರೆಗೆ ಏನನ್ನು ಮುಚ್ಚುವುದು? 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ, ವರ್ಷಕ್ಕೆ ಎರಡು ಮೂರು ಸಲ, ಮದ್ದು ಹೀಗೆಯೇ ಬಿತ್ತು.

ಏನೋ ತಪ್ಪಿದೆಯೆಂದು ಮೊದಲು ಹೇಳಿದವರು ಊರಿನವರೇ. ಪಡ್ರೆ ಗ್ರಾಮದಲ್ಲಿ ಅಂಗವಿಕಲ ಕರುಗಳು ಹುಟ್ಟಿದ್ದನ್ನು ಕಂಡು ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್‌ಗಳು ಅಷ್ಟು ಸಣ್ಣ ಊರಿಗೆ ಸಲ್ಲದಷ್ಟು ಸಂಖ್ಯೆಯಲ್ಲಿರುವುದನ್ನು ಗಮನಿಸಿದರು. ಪೆರಿಯದಲ್ಲಿ ಕೇರಳ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯಕ್ಕೆ ಹೋದರು. ಕಾಞಂಗಾಡಿನ ಹೊಸದುರ್ಗ ಮುನ್ಸಿಫ್ ನ್ಯಾಯಾಲಯ 2000ದ ಅಕ್ಟೋಬರಿನಲ್ಲಿ ವೈಮಾನಿಕ ಸಿಂಪಡಣೆಗೆ ತಡೆ ನೀಡಿತು. ಇಪ್ಪತ್ತು ವರ್ಷಗಳ ಬೃಹತ್ ಪ್ರಯೋಗವೊಂದಕ್ಕೆ ತಡೆ ಬಂದುದು ಸಂಶೋಧನಾ ಸಂಸ್ಥೆಯಿಂದಲ್ಲ, ಒಂದು ಕೆಳ ನ್ಯಾಯಾಲಯದಿಂದ. ನನ್ನ ವೃತ್ತಿಬಾಂಧವರು ಇದನ್ನು ಮರೆಯಬಾರದು.

ಅಲ್ಲಿಂದ ಮುಂದೆ ವಿಜ್ಞಾನಗಳ ಜಗಳ ಆರಂಭವಾಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 2001ರಲ್ಲಿ ಪಡ್ರೆಯ ನೀರು, ಮಣ್ಣು, ರಕ್ತ, ಎದೆಹಾಲಿನಲ್ಲಿ ಎಂಡೋಸಲ್ಫಾನ್ ಇದೆಯೆಂದಿತು. ಅದೇ ವರ್ಷ ಕಾರ್ಪೊರೇಷನ್ ನಿಯೋಜಿಸಿದ ತಮಿಳುನಾಡಿನ ಪ್ರಯೋಗಾಲಯವು ರಕ್ತದಲ್ಲಿ ಇಲ್ಲವೆಂದಿತು. ಜನ ತಮಗೆ ಬೇಕಾದ ವರದಿಯನ್ನು ಹಿಡಿದು ಕೂತರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಕೋರಿಕೆಯ ಮೇರೆಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಧ್ಯಯನಕ್ಕೆ ಬಂದಾಗ ಪ್ರಶ್ನೆಯೇ ಬದಲಾಯಿತು. ರಕ್ತದಲ್ಲಿ ಮದ್ದು ಇದೆಯೋ ಇಲ್ಲವೋ ಎಂದಷ್ಟೇ ನೋಡದೆ, ಸಿಂಪಡಣೆಗೆ ಒಳಗಾದ ಊರಿನ ಮಕ್ಕಳನ್ನೂ, ಉಳಿದೆಲ್ಲದರಲ್ಲಿ ಹಾಗೆಯೇ ಇದ್ದು ಸಿಂಪಡಣೆ ಕಾಣದ ಊರಿನ ಮಕ್ಕಳನ್ನೂ ಅವರು ಹೋಲಿಸಿದರು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಒಂದು ಕಡೆ 117, ಇನ್ನೊಂದು ಕಡೆ 90 ಶಾಲಾಬಾಲಕರಿದ್ದಾರೆ. ಸಿಂಪಡಣೆ ನಿಂತು ತಿಂಗಳುಗಳು ಕಳೆದ ಮೇಲೂ ಮೊದಲ ಗುಂಪಿನ ರಕ್ತದಲ್ಲಿ ಮದ್ದಿನ ಅಂಶ ಹೆಚ್ಚಿತ್ತು, ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಎರಡು ಊರುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ದುಬಾರಿ ಯಂತ್ರವೇನೂ ಬೇಡ. ಯಾರಾದರೂ ಕೇಳಿದ್ದರೆ 1985ರಲ್ಲಿಯೇ ಅದನ್ನು ಮಾಡಬಹುದಿತ್ತು.

ಇಷ್ಟಾದರೂ 2003–04ರ ಸುಮಾರಿಗೆ ಕೇಂದ್ರದ ತಜ್ಞ ಸಮಿತಿಗಳು ರೋಗಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಸ್ಥಾಪಿತವಾಗಿಲ್ಲವೆಂದೇ ಹೇಳಿದವು. ಈ ಮಾತಿನ ಮೇಲೆ ವಿದ್ಯಾರ್ಥಿಗಳು ಸ್ವಲ್ಪ ಹೊತ್ತು ನಿಲ್ಲಬೇಕು. "ಸಂಬಂಧ ಸಾಬೀತಾಗಿಲ್ಲ" ಎಂಬುದು ಒಂದು ವೈಜ್ಞಾನಿಕ ವಾಕ್ಯ, "ಸಂಬಂಧವಿಲ್ಲ" ಎಂಬುದು ಬೇರೆಯದೇ ವಾಕ್ಯ. ಸಮಿತಿಯ ಕೊಠಡಿಯಿಂದ ಮಂತ್ರಿಯ ಮೇಜಿಗೆ ಹೋಗುವ ದಾರಿಯಲ್ಲಿ ಮೊದಲನೆಯದು ಎರಡನೆಯದಾಗಿ ಮಾರ್ಪಡುತ್ತದೆ. ಪ್ರತಿಯೊಂದು ಮನೆಯ ಪ್ರತಿಯೊಂದು ಕಾಯಿಲೆಗೂ ಈ ಮದ್ದೇ ಕಾರಣವೆಂದು ಯಾವ ವಿಜ್ಞಾನವೂ ಹೇಳಲಾರದು, ಹಾಗೆಂದು ನಾನೂ ಹೇಳುವುದಿಲ್ಲ. ಆದರೆ ಸಂಶಯವಿದ್ದಾಗ ಅದರ ಭಾರವನ್ನು ಹೊರಬೇಕಾದವರು ಮದ್ದು ಹೊಡೆಯುವವರೋ, ಮದ್ದು ಬೀಳಿಸಿಕೊಳ್ಳುವವರೋ? ಇದಕ್ಕೆ ಉತ್ತರ ಪ್ರಯೋಗಾಲಯದಲ್ಲಿಲ್ಲ. ಅದು ರಾಜಕೀಯ ಪ್ರಶ್ನೆ, ನ್ಯಾಯದ ಪ್ರಶ್ನೆ.

ಕರ್ನಾಟಕ ಸರ್ಕಾರ 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿದಾಗ ಆ ನಿಷೇಧದ ಆಯುಷ್ಯ 60 ದಿನ. ರಾಜ್ಯಗಳಿಗೆ ಕಾಯಿದೆ ಕೊಟ್ಟ ಅಧಿಕಾರ ಅಷ್ಟೇ. ಶಾಶ್ವತ ನಿಷೇಧ ಕೇಂದ್ರದ ಹಕ್ಕು, ಕೇಂದ್ರವೋ ಆಗ ಜಾಗತಿಕ ವೇದಿಕೆಯಲ್ಲಿ ಈ ಮದ್ದಿನ ಪರ ವಾದಿಸುತ್ತಿತ್ತು. 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ರಾಷ್ಟ್ರಗಳು ಅದನ್ನು ಕೈಬಿಡಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು. 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ನ್ಯಾಯಾಲಯ ಕೇರಳಕ್ಕೆ ಆದೇಶಿಸಿತು. ನಮ್ಮ ರಾಜ್ಯದಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಈ ಮೂರೂ ಜಿಲ್ಲೆಗಳಲ್ಲಿ ಸಂತ್ರಸ್ತರನ್ನು ಗುರುತಿಸಿ ಮಾಸಾಶನ ಕೊಡಲಾಗುತ್ತಿದೆ. ಬೆಳ್ತಂಗಡಿಯ ಕೊಕ್ಕಡದಲ್ಲಿ ಅವರಿಗಾಗಿ ಪಾಲನಾ ಕೇಂದ್ರವೂ ಬಂತು. ಇದಿಷ್ಟೂ ಮದ್ದು ಬಿದ್ದು ಮುಗಿದ ಮೇಲಿನ ಮಾತು.

ಈಗಿನ ವಿಷಯಕ್ಕೆ ಬರೋಣ. ಡ್ರೋನ್‌ನಿಂದ ಕೀಟನಾಶಕ ಸಿಂಪಡಿಸುವ ಕಾರ್ಯವಿಧಾನವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಹೊರಡಿಸಿತು. 2022ರ ಏಪ್ರಿಲ್‌ನಲ್ಲಿ, ಅದಾಗಲೇ ನೋಂದಣಿಯಾಗಿದ್ದ 477 ಕೀಟನಾಶಕಗಳಿಗೆ ಡ್ರೋನ್ ಬಳಕೆಗಾಗಿ ಎರಡು ವರ್ಷಗಳ ಮಧ್ಯಂತರ ಒಪ್ಪಿಗೆ ಸಿಕ್ಕಿತು. 2023ರ ನವೆಂಬರಿನಲ್ಲಿ ಕೇಂದ್ರ ಸಂಪುಟವು 1,261 ಕೋಟಿ ರೂಪಾಯಿಯ ಡ್ರೋನ್ ದೀದಿ ಯೋಜನೆಗೆ ಒಪ್ಪಿತು. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನಿನ ಬೆಲೆಯಲ್ಲಿ ಶೇ. 80, ಗರಿಷ್ಠ 8 ಲಕ್ಷ ರೂಪಾಯಿ ನೆರವು. ಅನುಕ್ರಮವನ್ನು ಗಮನಿಸಿ. ನೆಲದ ಮೇಲೆ ನಿಂತು ಹೊಡೆಯಲೆಂದು ಪರೀಕ್ಷಿಸಿ ನೋಂದಾಯಿಸಿದ ಮದ್ದುಗಳಿಗೆ ಆಕಾಶದ ಪರವಾನಗಿ ಒಟ್ಟಾಗಿ ಬಂತು.

ವ್ಯತ್ಯಾಸ ಸಣ್ಣದಲ್ಲ. ಸಾಮಾನ್ಯ ಪಂಪಿನಲ್ಲಿ ಹೆಕ್ಟೇರಿಗೆ ಸುಮಾರು 500 ಲೀಟರ್ ನೀರು ಬೇಕಾದರೆ, ಡ್ರೋನಿನಲ್ಲಿ 25 ಲೀಟರ್ ಆಸುಪಾಸು. ಮದ್ದಿನ ಪ್ರಮಾಣ ಅಷ್ಟೇ, ನೀರು ಮಾತ್ರ ಇಪ್ಪತ್ತನೆಯ ಒಂದು ಭಾಗ. ಅಂದರೆ ದ್ರಾವಣ ಇಪ್ಪತ್ತು ಪಟ್ಟು ಗಟ್ಟಿ, ಹನಿ ಸಣ್ಣದು. ಸಣ್ಣ ಹನಿ ಗಾಳಿಯಲ್ಲಿ ದೂರ ಹೋಗುತ್ತದೆ. ಭತ್ತದ ಬಯಲಿನಲ್ಲಿ ಇದು ನಿಭಾಯಿಸಬಹುದಾದ ಸಂಗತಿ. ಕರ್ಕಿಯಿಂದ ಹಳದೀಪುರದ ವರೆಗಿನ ನಮ್ಮ ಕರಾವಳಿ ಪಟ್ಟಿಯಲ್ಲಿ ತೋಟದೊಳಗೇ ಮನೆ, ಮನೆಗೊಂದು ತೆರೆದ ಬಾವಿ. ಚಿರೆಕಲ್ಲು ನೀರನ್ನು ತಡೆಯುವುದಿಲ್ಲ, ಇಳಿಸುತ್ತದೆ. ಇಳಿದದ್ದು ಬಡಗಣಿಯ ಅಳಿವೆಗೆ ಹೋಗಿ ಸೇರುತ್ತದೆ, ಅಲ್ಲಿ ಮೀನು, ಚಿಪ್ಪು ಹಿಡಿದು ಬದುಕುವವರಿದ್ದಾರೆ.

ನಾನು ಡ್ರೋನಿನ ವಿರೋಧಿಯಲ್ಲ. ಮಳೆಗಾಲದಲ್ಲಿ ಜಾರುವ ಅಡಿಕೆ ಮರವನ್ನೇರುವ ಕೊನೆಗೌಡರ ಸಂಖ್ಯೆ ಕಡಿಮೆಯಾಗುತ್ತಿದೆ, ಬಿದ್ದು ಸೊಂಟ ಮುರಿದುಕೊಂಡವರನ್ನು ಎಲ್ಲ ಊರೂ ಕಂಡಿದೆ. ಕೊಟ್ಟೆ ಕಟ್ಟುವ ಕಾಲಕ್ಕೆ ಹಿಂದಿರುಗೋಣ ಎಂದು ಹೇಳುವುದು ಸುಲಭ, ಕಟ್ಟುವವರು ಯಾರು? ಆದರೆ ಕೊಳೆರೋಗ ತಗಲುವುದು ಸೋಗೆಯ ಕೆಳಗೆ ತೂಗುವ ಕೊನೆಗೆ. ಮೇಲಿನಿಂದ ಬಿದ್ದ ಬೋರ್ಡೋ ಸೋಗೆಯನ್ನು ತೋಯಿಸಿ, ಕೊನೆಗೆ ಎಷ್ಟು ತಲುಪುತ್ತದೆ? ಕೆಳಗೆ ನಿಂತು ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿಗೆ ಈ ತೊಂದರೆಯಿಲ್ಲ. ಗೇರಿನ ವಿಷಯದಲ್ಲಾದರೆ, ಚಗಳಿ ಇರುವೆ ಗೂಡು ಕಟ್ಟಿದ ಮರಗಳಲ್ಲಿ ಟೀ ಸೊಳ್ಳೆಯ ಕಾಟ ಕಡಿಮೆಯೆಂಬುದು ಸಂಶೋಧನೆಯಿಂದಲೂ ತಿಳಿದ ಸಂಗತಿ. ಮೇಲಿನಿಂದ ಬೀಳುವ ಮದ್ದಿಗೆ ಸೊಳ್ಳೆ ಯಾವುದು, ಚಗಳಿ ಯಾವುದು ಎಂಬ ಭೇದವಿಲ್ಲ. (ಚಗಳಿ ಚಟ್ನಿಯ ಪ್ರಿಯರು ಇದನ್ನು ತಮ್ಮ ಪ್ರತ್ಯೇಕ ದೂರಾಗಿ ದಾಖಲಿಸಬಹುದು.)

ಸರ್ಕಾರಿ ವಿಜ್ಞಾನ ಯಾವಾಗಲೂ ಹೀಗೆಯೇ ಎನ್ನುವಂತೆಯೂ ಇಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎರಡೇ ವರ್ಷದಲ್ಲಿ ಅಡಿಕೆಯ ಕೊಳೆರೋಗದ ಮೇಲೆ ವರದಿ ಪ್ರಕಟಿಸಿದರು. ಇಂದಿಗೂ ನಾವು ಹೊಡೆಯುವ ಬೋರ್ಡೋ ಮಿಶ್ರಣ ಮಲೆನಾಡಿನಲ್ಲಿ ನೆಲೆಯಾದುದು ಆ ಕೆಲಸದಿಂದ. ಅಲ್ಲಿ ಪ್ರಶ್ನೆ ತೋಟದಿಂದ ಹೊರಟು ಪ್ರಯೋಗಾಲಯಕ್ಕೆ ಹೋಗಿತ್ತು.

ಆದುದರಿಂದ ನಮ್ಮ ಪಂಚಾಯತಗಳ ಮುಂದೆ ನಾನಿಡುವ ಬೇಡಿಕೆ ಒಂದೇ. ಯಾವುದೇ ಗುಡ್ಡದಲ್ಲಿ ಡ್ರೋನಿನಿಂದ ಮದ್ದು ಹೊಡೆಯುವ ಮೊದಲು ಬರಿಯ ನೀರು ತುಂಬಿ ಹಾರಿಸಲಿ. ಹನಿ ಬಿದ್ದರೆ ಹಳದಿಯಿಂದ ನೀಲಿಯಾಗುವ ಕಾಗದದ ಪಟ್ಟಿಗಳು ಸಿಗುತ್ತವೆ, ಸಿಂಪಡಣೆಯ ಪರೀಕ್ಷೆಗೆಂದೇ ಅವನ್ನು ಮಾಡುತ್ತಾರೆ. ಹೊನ್ನಾವರ, ಕುಮಟೆಯ ಕಾಲೇಜು ವಿದ್ಯಾರ್ಥಿಗಳು ಆ ಪಟ್ಟಿಗಳನ್ನು ಬಾವಿಕಟ್ಟೆ, ಜೇನುಪೆಟ್ಟಿಗೆ, ಶಾಲೆಯ ಅಂಗಳ, ತೊರೆಯ ದಂಡೆಗಳಲ್ಲಿ, ತೋಟದ ಅಂಚಿನಿಂದ 10, 25, 50, 100 ಮೀಟರ್ ದೂರದಲ್ಲಿ ಇಡಲಿ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ ಒಮ್ಮೆ, ಮಧ್ಯಾಹ್ನ ಕಡಲಗಾಳಿ ಗುಡ್ಡದತ್ತ ಬೀಸುವಾಗ ಇನ್ನೊಮ್ಮೆ. ಕೊನೆಯ ಕೆಳಗೂ ಒಂದು ಪಟ್ಟಿ ಕಟ್ಟಿರಲಿ. ನೀಲಿಯಾದ ಪಟ್ಟಿಗಳನ್ನು ಗ್ರಾಮಸಭೆಯ ಮೇಜಿನ ಮೇಲೆ ಹರಡಿ, ಕೃಷಿ ಮತ್ತು ತೋಟಗಾರಿಕಾ ಇಲಾಖೆಯ ಅಧಿಕಾರಿಗಳ ಎದುರಿಗೇ ನೋಡೋಣ. ಯಾವ ಗುಡ್ಡದಲ್ಲಿ ಹಾರಿಸಬಹುದು, ಯಾವುದರಲ್ಲಿ ಕೂಡದು ಎಂಬುದನ್ನು ಆಮೇಲೆ ಠರಾವಿನಲ್ಲಿ ಬರೆಯಬಹುದು.