'ಬದಲು ತಿನ್ನಿ' ಎನ್ನುವವರ ನಡುವೆ 'ಕಡಿಮೆ ತಿನ್ನಿ' ಎನ್ನುವವರು

ನಂಜನಗೂಡು, ಟಿ. ನರಸೀಪುರದ ಕಡೆ ಸಕ್ಕರೆ ಕಾಯಿಲೆ ಬಂದವರಿಗೆ ಊಟದ ಸಲಹೆ ಈಗ ಮೊಬೈಲಿನಿಂದಲೇ ಧಾರಾಳವಾಗಿ ಸಿಗುತ್ತದೆ. ಹೊರರೋಗಿಗಳ ಸಾಲಿನ ಒತ್ತಡದಲ್ಲಿ ವೈದ್ಯರು ಗುಳಿಗೆ ಬರೆದು, 'ಅನ್ನ ಕಮ್ಮಿ ಮಾಡಿ' ಎಂದು ಮುಂದಿನವರನ್ನು ಕರೆಯುತ್ತಾರೆ. ಎಷ್ಟು ಕಮ್ಮಿ, ಆ ಜಾಗಕ್ಕೆ ಏನು ಎಂದು ಕೂರಿಸಿಕೊಂಡು ಹೇಳುವ ಡಯೆಟಿಷಿಯನ್ ಬೇಕೆಂದರೆ ಮೈಸೂರಿನ ದೊಡ್ಡ ಆಸ್ಪತ್ರೆಗೆ ಬಸ್ಸು ಹತ್ತಬೇಕು.

ಓದಿದವರು ಇಲ್ಲವೆಂದಲ್ಲ. ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣೆಯ ವಿಭಾಗವಿದೆ. 1950ರಿಂದ ಸಿಎಫ್‌ಟಿಆರ್‌ಐ ಮೈಸೂರಿನಲ್ಲೇ ಇದೆ. ಆದರೆ ಎಂ.ಎಸ್ಸಿ ಮುಗಿಸಿದವರಿಗೆ ತಾಲ್ಲೂಕಿನಲ್ಲಿ ಶುಲ್ಕ ಕೊಡುವವರು ಯಾರು? ಮಾತ್ರೆಗೆ ದುಡ್ಡು ಕೊಡುವ ನಾವು ಮಾತಿಗೆ ಕೊಡುವುದಿಲ್ಲ. ಹೀಗಾಗಿ ಯೂಟ್ಯೂಬ್, ರೀಲ್ಸ್‌ಗಳೇ ಅನೇಕರಿಗೆ ಕ್ಲಿನಿಕ್. ಅಲ್ಲಿ ಸಲಹೆ ಪುಕ್ಕಟೆ, ಸಂಪಾದನೆ ಜಾಹೀರಾತಿನಿಂದ, ಪ್ರೋಟೀನ್ ಪುಡಿಯಿಂದ, ಪ್ಯಾಕೆಟ್ಟುಗಳಿಂದ. ಸಲಹೆಯ ದಿಕ್ಕನ್ನು ತಿರುಗಿಸುವುದು ಈ ಲೆಕ್ಕವೇ. 'ಇದರ ಬದಲು ಅದು ತಿನ್ನಿ' ಎಂದರೆ ಯಾವುದೋ ಒಂದು ಸರಕು ಬಿಕರಿಯಾಗುತ್ತದೆ. 'ಕಡಿಮೆ ತಿನ್ನಿ' ಎಂದರೆ ಏನೂ ಬಿಕರಿಯಾಗುವುದಿಲ್ಲ.

ಸಿರಿಧಾನ್ಯವನ್ನೇ ನೋಡಿ. ಮೈಸೂರಿನ ಡಾ. ಖಾದರ್ ವಲಿ ಅವರು ನವಣೆ, ಸಾಮೆ, ಹಾರಕ, ಊದಲು, ಕೊರಲೆಗಳನ್ನು ಮನೆಮಾತಾಗಿಸಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮರೆತುಹೋಗಿದ್ದ ಬೆಳೆಗಳು ಹೊಲಕ್ಕೆ, ಅಂಗಡಿಗೆ ಮರಳಿದ್ದು ಸಣ್ಣ ಸಾಧನೆಯಲ್ಲ. ಆದರೆ ಕೇಳಿದವರಲ್ಲಿ ಬಹಳಷ್ಟು ಮಂದಿ ಹಿಡಿದುಕೊಂಡದ್ದು, ಅನ್ನದ ಜಾಗಕ್ಕೆ ನವಣೆ ಬಂದರೆ ತಟ್ಟೆ ತುಂಬ ಉಣ್ಣಬಹುದು ಎಂಬುದನ್ನು. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ, ದಿನದ ಒಟ್ಟು ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇ 45 ದಾಟಬಾರದು ಎನ್ನುತ್ತದೆ. ಆ ಶೇ 45ರೊಳಗೆ ಅಕ್ಕಿಯೂ ಇದೆ, ರಾಗಿಯೂ ಇದೆ, ಸಿರಿಧಾನ್ಯವೂ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ, ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಹಾಗೆಂದು ಎರಡು ದೊಡ್ಡ ಮುದ್ದೆ ನುಂಗಿದವರ ಸಕ್ಕರೆ ಏರದೆ ಇರುವುದಿಲ್ಲ. (ಬೆಲ್ಲದ ಕಾಫಿ ಕುಡಿದು ನಿಶ್ಚಿಂತರಾಗಿರುವವರಿಗೂ ಒಂದು ಮಾತು: ಬೆಲ್ಲದಲ್ಲಿರುವುದೂ ಬಹುಪಾಲು ಅದೇ ಸುಕ್ರೋಸ್.)

ಕಾಲುವೆ ನೀರು ಹರಿದು ಭತ್ತ ನೆಲೆನಿಂತ ಸೀಮೆ ಇದು. ಮೇಲಿಂದ ಅನ್ನಭಾಗ್ಯದ ಅಕ್ಕಿ. ಧಾನ್ಯ ಪುಕ್ಕಟೆ ಸಿಕ್ಕಿ, ಬೇಳೆ, ಮೊಟ್ಟೆ, ಮೀನಿಗೆ ಕಾಸು ಬಿಚ್ಚಬೇಕಾದ ಮನೆಯಲ್ಲಿ 'ಅನ್ನ ಇಳಿಸಿ' ಎಂದರೆ ಹೊಟ್ಟೆ ತುಂಬಿಸಲು ಏನು ಎಂಬ ಪ್ರಶ್ನೆ ಏಳುತ್ತದೆ. ಓಟ್ಸ್, ಚಿಯಾ ಬೀಜದ ರೀಲ್ಸ್‌ನಲ್ಲಿ ಅದಕ್ಕೆ ಉತ್ತರವಿಲ್ಲ. ಹುರುಳಿಕಾಳು ಬಸ್ಸಾರು, ಅವರೆಕಾಳು ಹುಳಿ, ಮಸ್ಸೊಪ್ಪಿನಲ್ಲಿ ಇದೆ, ಅನ್ನ ಒಂದು ಸೌಟು ಇಳಿದು ಕಾಳು, ಸೊಪ್ಪು ಎರಡು ಸೌಟು ಏರಿದರೆ. ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ ಇರುವ ಇಂದಿರಾ ಆಹಾರ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತಲ್ಲ, ಆ ಒಂದು ತೀರ್ಮಾನದಲ್ಲಿ ನೂರು ವಿಡಿಯೊಗಳಿಗಿಂತ ಹೆಚ್ಚು ಪೋಷಣಾ ವಿವೇಕವಿದೆ. ಆದರೆ ಕಿಟ್ ಬಂದಮೇಲೂ ಬೇಳೆಯನ್ನು ತಿಳಿಸಾರಿಗೆ ನೀರಾಗಿಸದೆ ಬಳಸುವುದು ಹೇಗೆಂದು ಯಾರಾದರೂ ಹೇಳಬೇಕು.

ಕಾನೂನಿಗೇನೂ ಕೊರತೆಯಿಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಡಯೆಟಿಷಿಯನ್ನರನ್ನೂ ನೋಂದಣಿಯ ಚೌಕಟ್ಟಿಗೆ ತಂದಿದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ, ಆರೋಗ್ಯದ ಬಗ್ಗೆ ಪ್ರಚಾರ ಮಾಡುವ ಪರಿಣತರು ತಮ್ಮ ಅರ್ಹತೆ ತಿಳಿಸಬೇಕು, ಉಳಿದವರು ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲ ಎಂದು ಹೇಳಬೇಕು ಎಂದು ಸೂಚಿಸಿತು. ಆದರೆ ಅರ್ಹತೆ ಇದ್ದವರೂ ಪ್ಯಾಕೆಟ್ ಮಾರಿಯೇ ಬದುಕಬೇಕಾದರೆ, ಪದವಿಯ ಹೆಸರು ಮಾರಾಟಕ್ಕೆ ಇನ್ನೊಂದು ಮುದ್ರೆಯಾಗುತ್ತದೆ, ಅಷ್ಟೇ.

ಆದ್ದರಿಂದ ಸಂಬಳ ಸರ್ಕಾರದ ಕಡೆಯಿಂದ ಬರಲಿ. ಎರಡೂ ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್‌ಗೆ ತಲಾ ಒಬ್ಬ ಡಯೆಟಿಷಿಯನ್‌ ನೇಮಿಸಿ, ವಾರಕ್ಕೊಮ್ಮೆ ಮೈಸೂರು ಆಕಾಶವಾಣಿಯಲ್ಲಿ ಅವರಿಂದಲೇ ನೇರ ಫೋನ್-ಇನ್ ಮಾಡಿಸಬಹುದು. ಕೇಳುಗರು ಮೊದಲು ಕೇಳುವುದು ರಸಬಾಳೆ ತಿನ್ನಬಹುದೇ ಎಂದೇ ಇರಬಹುದು. 'ಒಂದು ತಿನ್ನಿ, ಅವತ್ತು ಅನ್ನ ಅಷ್ಟು ಬಿಡಿ' ಎಂದು ಯಾವ ಪ್ಯಾಕೆಟ್ಟಿನ ಹಂಗೂ ಇಲ್ಲದೆ ಅವರು ಹೇಳಬಲ್ಲರು.