ಮನೆ ಹೆಸರಿಲ್ಲದ ಇಂಟರ್‌ನೆಟ್

ಕೊಡಗಿನಲ್ಲಿ ಹೊಸಬರು ಸಿಕ್ಕರೆ ಮೊದಲು ಕೇಳೋದು ಮನೆ ಹೆಸರು. ಯಾವ ಒಕ್ಕ, ಯಾವ ಊರು ಅಂತ ಗೊತ್ತಾದ ಮೇಲೇ ಉಳಿದ ಮಾತು. ಅಂಥ ನಾಡಿನ ಮನೆಗಳಿಗೆ ಈಗ ಫೈಬರ್ ಬಂದಿದೆ, ತಿಂಗಳು ತಿಂಗಳು ದುಡ್ಡೂ ಕಟ್ಟುತ್ತಿದ್ದೇವೆ. ಆದರೆ ನಮ್ಮ ಮನೆಗೊಂದು ಸ್ಥಿರ ಐಪಿ ವಿಳಾಸ ಕೊಡಿ ಅಂದರೆ, "ಅದೆಲ್ಲ ಆಫೀಸಿನವರಿಗೆ ಸರ್, ಮನೆಗೆ ಯಾಕೆ?" ಅನ್ನುತ್ತಾರೆ.

ಯಾಕೆ ಅಂತ ಕೇಳುವವರು ಮಳೆಗಾಲದಲ್ಲಿ ಒಮ್ಮೆ ತೋಟದ ಮನೆಗೆ ಬನ್ನಿ. ಪಕ್ಕದ ಮನೆ ಅಂದರೆ ಕೂಗಿದರೆ ಕೇಳದಷ್ಟು ದೂರ. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ, ಮನೆಯಲ್ಲಿ ವಯಸ್ಸಾದ ಇಬ್ಬರು. ಅಂಗಳಕ್ಕೆ ಆನೆ ಬಂತಾ, ಮನೆ ಹಿಂದಿನ ಬರೆ ಗಟ್ಟಿಯಾಗಿದೆಯಾ ಅಂತ ಅಲ್ಲಿಂದಲೇ ಕ್ಯಾಮೆರಾದಲ್ಲಿ ನೋಡಬೇಕು. 2018ರ ಆಗಸ್ಟ್ ಕಂಡವರಿಗೆ ಇದು ಶೋಕಿ ಅಂತ ಅನ್ನಿಸೋದಿಲ್ಲ. ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತೆ ಅಂತ ಲೆಕ್ಕ ಇಟ್ಟವರಿಲ್ಲ. ರೂಟರ್ ಆಫ್ ಆಗಿ ಆನ್ ಆದಾಗಲೆಲ್ಲ ವಿಳಾಸ ಬದಲಾಗಬಹುದು. ಬೆಳಿಗ್ಗೆ ಸಿಕ್ಕ ಮನೆ ಸಂಜೆಗೆ ಸಿಗೋದಿಲ್ಲ.

"ವಿಳಾಸಗಳೇ ಖಾಲಿ" ಅನ್ನುವ ಉತ್ತರ ಅರ್ಧ ನಿಜ. ಹಳೆಯ ಐಪಿವಿ4ರಲ್ಲಿ ಇರೋದು ಸುಮಾರು 430 ಕೋಟಿ ವಿಳಾಸ. ಏಷ್ಯಾ ಪೆಸಿಫಿಕ್ ಭಾಗಕ್ಕೆ ಇವನ್ನು ಹಂಚುವ ಎಪಿನಿಕ್ 2011ರ ಏಪ್ರಿಲ್‌ನಲ್ಲೇ ತನ್ನ ಕೊನೆಯ ಕಂತಿಗೆ ಬಂದು, ರೇಷನ್ ಲೆಕ್ಕದಲ್ಲಿ ಕೊಡಲು ಶುರುಮಾಡಿತು. ಹಾಗಾಗಿ ಕಂಪನಿಗಳು ಒಂದೇ ವಿಳಾಸದ ಹಿಂದೆ ಹತ್ತಾರು ಮನೆಗಳನ್ನು ಕೂಡಿಹಾಕುತ್ತವೆ. ನಿಮ್ಮ ರೂಟರಿನ ಸ್ಟೇಟಸ್ ಪುಟ ತೆರೆದು ನೋಡಿ. ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾದರೆ ನೀವೂ ಆ ದೊಡ್ಡಿಯಲ್ಲಿದ್ದೀರಿ. ಮನೆಯಿಂದ ಹೊರಗೆ ಹೋಗಬಹುದು, ಹೊರಗಿನಿಂದ ಯಾರೂ ನೇರವಾಗಿ ಒಳಗೆ ಬರುವಂತಿಲ್ಲ. ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಡೈನಾಮಿಕ್ ಡಿಎನ್‌ಎಸ್ ಹಾಕಿ, ಪ್ರಯೋಜನವಿಲ್ಲ.

ಉಳಿದರ್ಧವನ್ನು ಯಾರೂ ಹೇಳೋದಿಲ್ಲ. ಐಪಿವಿ6ರಲ್ಲಿ ವಿಳಾಸಕ್ಕೆ ಬರವೇ ಇಲ್ಲ. ನಮ್ಮ ದೂರಸಂಪರ್ಕ ಇಲಾಖೆ 2010ರಲ್ಲೇ ಅದಕ್ಕೆ ಮಾರ್ಗಸೂಚಿ ಹೊರಡಿಸಿತ್ತು, 2013ರಲ್ಲಿ ಎರಡನೆಯದೂ ಬಂತು. ಜೇಬಿನ ಮೊಬೈಲ್ ಎಷ್ಟೋ ಸಲ ಅದರಲ್ಲೇ ಓಡುತ್ತಿರುತ್ತದೆ. ಮನೆಗೆ ಮಾತ್ರ ಯಾಕಿಲ್ಲ? ನಮಗೆ ಸಂಪರ್ಕ ಕೊಟ್ಟವರು ರೂಟರಿನಲ್ಲಿ ಆ ಆಯ್ಕೆಯನ್ನೇ ಆಫ್ ಮಾಡಿಟ್ಟಿದ್ದರು. ಆನ್ ಮಾಡೋಣ ಅಂದರೆ ಅಡ್ಮಿನ್ ಪಾಸ್‌ವರ್ಡ್ ಕೊಡಲಿಲ್ಲ. ರೂಟರ್ ನಮ್ಮ ಗೋಡೆ ಮೇಲೆ, ಬೀಗದ ಕೈ ಅವರ ಕೈಯಲ್ಲಿ!

ಇನ್ನು ದುಡ್ಡು ಕೊಟ್ಟು ಸ್ಥಿರ ವಿಳಾಸ ಕೊಂಡವರ ಪಾಡು. ಬಂದ ಹುಡುಗ ಕ್ಯಾಮೆರಾ ಡಬ್ಬಿಗೆ 192.168.1.50 ಅಂತ ಬರೆದು "ಸ್ಟ್ಯಾಟಿಕ್ ಆಯ್ತು ಸರ್" ಅಂದು ಹೋಗುತ್ತಾನೆ. ಅದು ಮನೆಯೊಳಗಿನ ಕೋಣೆಯ ನಂಬರು ಮಾರಾಯ್ರೆ, ಮನೆಯ ವಿಳಾಸ ಅಲ್ಲ. ಮನೆಯ ವಿಳಾಸ ಇರೋದು ವ್ಯಾನ್ ಪುಟದಲ್ಲಿ. ಕಂಪನಿ ಕೊಟ್ಟ ಐಪಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್, ಈ ನಾಲ್ಕನ್ನು ಅಲ್ಲಿ ತುಂಬಬೇಕು. ಯೂಸರ್‌ನೇಮ್, ಪಾಸ್‌ವರ್ಡ್ ಕೇಳುವ ಪಿಪಿಪಿಓಇ ಸಂಪರ್ಕವಾದರೆ ಸಾಮಾನ್ಯವಾಗಿ ಅದೂ ಬೇಡ, ವಿಳಾಸ ಆ ಖಾತೆಯ ಜೊತೆಗೇ ಬರುತ್ತದೆ. ಇಷ್ಟನ್ನು ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿ ಕೊಡಲು ಎಷ್ಟು ಖರ್ಚು?

"ಆ್ಯಪ್ ಇದೆಯಲ್ಲ, ವಿಳಾಸ ಯಾಕೆ?" ಅನ್ನುವವರೂ ಇದ್ದಾರೆ. ಇದೆ, ಆದರೆ ಎಷ್ಟೋ ಆ್ಯಪ್‌ಗಳಲ್ಲಿ ನನ್ನ ಅಂಗಳದ ಚಿತ್ರ ಇನ್ಯಾರದೋ ಸರ್ವರ್ ಸುತ್ತಿಕೊಂಡು ನನ್ನ ಹತ್ತಿರ ಬರುತ್ತದೆ. ಆ ಸರ್ವರ್ ಮುಚ್ಚಿದ ದಿನ ಕ್ಯಾಮೆರಾ ಕುರುಡು.

ಸ್ವಂತ ವಿಳಾಸಕ್ಕೆ ಅಪಾಯವೂ ಇದೆ, ಒಪ್ಪುತ್ತೇನೆ. 2016ರಲ್ಲಿ ಮಿರಾಯ್ ಅನ್ನುವ ದುಷ್ಟ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ರೂಟರುಗಳ ದಂಡನ್ನೇ ಕಟ್ಟಿತ್ತು. ಅದಕ್ಕೇ ಮೊದಲು ಪಾಸ್‌ವರ್ಡ್ ಬದಲಿಸಿ. ಕ್ಯಾಮೆರಾದ ಪೋರ್ಟನ್ನು ಬಯಲಿಗೆ ಬಿಡದೆ ವಿಪಿಎನ್ ಮೂಲಕ ಮಾತ್ರ ಒಳಗೆ ಬನ್ನಿ. ಕಳ್ಳರ ಭಯಕ್ಕೆ ಬಾಗಿಲಿಗೆ ಬೀಗ ಹಾಕುತ್ತೇವೆ, ಬಾಗಿಲೇ ಇಲ್ಲದ ಮನೆ ಕಟ್ಟೋದಿಲ್ಲ.

ಕೇಳುವುದು ಮೂರೇ: ಪ್ರತಿ ಮನೆಗೆ ಐಪಿವಿ6, ರೂಟರಿನ ಪಾಸ್‌ವರ್ಡ್ ಮನೆಯವರಿಗೆ, ಕನ್ನಡದಲ್ಲಿ ಒಂದು ಹಾಳೆ. ಮುಂದಿನ ಬಿಲ್ ಕಟ್ಟುವಾಗ ನೀವೂ ಕೇಳಿ. ಒಬ್ಬರು ಕೇಳಿದರೆ ತಲೆಹರಟೆ ಅನ್ನುತ್ತಾರೆ. ಊರೆಲ್ಲ ಕೇಳಿದರೆ ಕೊಡಲೇಬೇಕಾಗುತ್ತದೆ.