ಒಬ್ಬನೇ ಮಾವ, ಎರಡು ಸಂಬಂಧ

ಕಳೆದ ವರ್ಷ ಪುಣೆಯ ನಮ್ಮ ಕಚೇರಿಯ ಸಾಫ್ಟ್‌ವೇರ್ ಒಂದು ವಿಮಾ ಕ್ಲೇಮನ್ನು ತಡೆಹಿಡಿಯಿತು. ಅರ್ಜಿ ಬೆಳಗಾವಿ ಜಿಲ್ಲೆಯದು. ಪಾಲಿಸಿ ಮಾಡಿಸಿದಾಗ ನಾಮಿನಿಯ ಸಂಬಂಧ 'ತಾಯಿಯ ತಮ್ಮ' ಎಂದಿತ್ತು. ಕ್ಲೇಮಿನಲ್ಲಿ ಅದೇ ವ್ಯಕ್ತಿ 'ಹೆಂಡತಿಯ ತಂದೆ'. ಎರಡೂ ಹೊಂದುತ್ತಿಲ್ಲವೆಂದು ಕಡತಕ್ಕೆ 'ಅನುಮಾನಾಸ್ಪದ' ಎಂಬ ಗುರುತು ಬಿತ್ತು.

ಕಡತ ನನ್ನ ಕೈಗೆ ಬಂದಾಗ ಮೂರು ವಾರ ಕಳೆದಿದ್ದವು. ಅದರಲ್ಲಿ ಅನುಮಾನಪಡುವಂಥದ್ದು ಏನೂ ಇರಲಿಲ್ಲ. ಅಕ್ಕನ ಮಗನಿಗೆ ಮಗಳನ್ನು ಕೊಟ್ಟ ಮನೆ, ಅಷ್ಟೇ. ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಯಾಕೆಂದರೆ ಆ ಸಂಬಂಧಗಳ ನಕ್ಷೆಯನ್ನು ಪರಿಶೀಲಿಸಿ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬ.

ಇಂಥ ನಕ್ಷೆಗೆ ನಮ್ಮ ವೃತ್ತಿಯಲ್ಲಿ 'ನಾಲೆಡ್ಜ್ ಗ್ರಾಫ್' ಎನ್ನುತ್ತೇವೆ. ಪ್ರತಿ ಪರಿಕಲ್ಪನೆಯೂ ಒಂದು ಗಂಟು, ಗಂಟುಗಳ ನಡುವಿನ ದಾರವೇ ಸಂಬಂಧ. ವಿಚಾರ ಹಳೆಯದು. 1960ರ ದಶಕದಲ್ಲಿ ಅಮೆರಿಕದ ರಾಸ್ ಕ್ವಿಲಿಯನ್ ಮನುಷ್ಯನ ನೆನಪನ್ನೇ ಹೀಗೆ ಕಂಪ್ಯೂಟರಿನಲ್ಲಿ ಹೆಣೆಯಲು ನೋಡಿದರು: ಕ್ಯಾನರಿ ಒಂದು ಹಕ್ಕಿ, ಹಕ್ಕಿ ಒಂದು ಪ್ರಾಣಿ. ಹಾಗಾದರೆ ಕ್ಯಾನರಿಯೂ ಪ್ರಾಣಿ ಎಂದು ಯಂತ್ರ ತಾನೇ ತರ್ಕಿಸಬಲ್ಲದು. 1984ರಲ್ಲಿ ಡಗ್ಲಾಸ್ ಲೆನಟ್ 'ಸೈಕ್' ಯೋಜನೆ ಆರಂಭಿಸಿ, ಲೋಕದ ಸಾಮಾನ್ಯ ಜ್ಞಾನವನ್ನೆಲ್ಲ ಕೈಯಿಂದಲೇ ಬರೆಸಲು ಹೊರಟರು. 2012ರಲ್ಲಿ ಗೂಗಲ್ ತನ್ನ ಹುಡುಕಾಟಕ್ಕೆ ನಾಲೆಡ್ಜ್ ಗ್ರಾಫ್ ಜೋಡಿಸಿತು.

ಚಾಟ್‌ಜಿಪಿಟಿಯಂಥವು ಬಂದ ಮೇಲೆ ಇದರ ಕಾಲ ಮುಗಿಯಿತು ಎಂದವರಿದ್ದರು. ಆದದ್ದು ಬೇರೆ. ಅವು ಸುಳ್ಳನ್ನೂ ಸರಾಗವಾಗಿ ಹೇಳುತ್ತವೆ, ಹೇಳಿದ್ದಕ್ಕೆ ಆಧಾರ ಕೇಳಿದರೆ ತಡವರಿಸುತ್ತವೆ. ಹಣ, ಆರೋಗ್ಯದ ವಿಷಯದಲ್ಲಿ ಅದು ನಡೆಯದು. ಹಾಗಾಗಿ ಅವುಗಳ ಪಕ್ಕದಲ್ಲಿ ಪರಿಶೀಲಿಸಬಹುದಾದ ಗ್ರಾಫ್ ಇಡುವ ಕೆಲಸ ಈಗ ಮತ್ತೆ ಜೋರಾಗಿದೆ. ಆದ್ದರಿಂದಲೇ ದಾರ ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಈಗ ಬೆಲೆ ಬಂದಿದೆ.

ನಮ್ಮ ಭಾಷೆಗಳಲ್ಲೂ ಈ ಕೆಲಸ ನಡೆದಿದೆ. ಐಐಟಿ ಬಾಂಬೆ ರೂಪಿಸಿದ ಹಿಂದಿ ವರ್ಡ್‌ನೆಟ್ಟನ್ನು ಬುನಾದಿಯಾಗಿಟ್ಟುಕೊಂಡು ಕನ್ನಡವೂ ಸೇರಿದ ಇಂಡೋವರ್ಡ್‌ನೆಟ್ ಬೆಳೆಯಿತು. ದೊಡ್ಡ ಪರಿಶ್ರಮದ ಕೆಲಸ ಅದು. ಆದರೆ ಬುನಾದಿ ಇನ್ನೊಂದು ಭಾಷೆಯದಾದಾಗ ಏನಾಗಬಹುದು ನೋಡಿ. ಹಿಂದಿಯಲ್ಲಿ ತಂದೆಯ ತಂಗಿ 'ಬುವಾ', ಸೋದರಮಾವನ ಹೆಂಡತಿ 'ಮಾಮಿ', ಹೆಂಡತಿಯ ತಾಯಿ 'ಸಾಸ್'. ಕನ್ನಡದಲ್ಲಿ ಮೂವರೂ 'ಅತ್ತೆ'. ಮೂರು ಗಂಟಿಗೂ 'ಅತ್ತೆ' ಎಂಬ ಚೀಟಿ ಅಂಟಿಸಿಬಿಡಬಹುದು. ಆದರೆ ಈ ಮೂವರು ಒಂದೇ ಹೆಸರಿಗೆ ಬಂದದ್ದು ಹೇಗೆ? ಅತ್ತೆಯ ಮಗಳನ್ನೋ ಸೋದರಮಾವನ ಮಗಳನ್ನೋ ತರುವ ರೂಢಿಯಿಂದ. ಆ ದಾರ ಹಿಂದಿಯ ಬಲೆಯಿಂದ ನಮಗೆ ಸಿಗುವುದಿಲ್ಲ. ರೂಢಿ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಮನೆಗಳು ಇರುವುದು ಹಾಗೆ, ಅರ್ಜಿಗಳು ಬರುವುದೂ ಹಾಗೆಯೇ.

ಇದು ಕನ್ನಡದ ಹಟವೂ ಅಲ್ಲ. ತಂಡದ ಮರಾಠಿ ಗೆಳತಿಗೆ ವಿಷಯ ಹೇಳಿದಾಗ, 'ನಮ್ಮಜ್ಜಿಯೂ ಗಂಡನ ತಂದೆಯನ್ನು ಮಾಮಂಜಿ ಅಂತಲೇ ಕರೆಯುತ್ತಿದ್ದರು' ಎಂದಳು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ಇಂಗ್ಲಿಷಿನಲ್ಲಿ 'ಅಂಕಲ್', 'ಫಾದರ್ ಇನ್ ಲಾ' ಎಂದು ಬರೆದ ಪಟ್ಟಿ ಮುಂದೆ ಬಂದಾಗ ಇಬ್ಬರೂ ಮನೆಯನ್ನು ಮರೆತು ಸಹಿ ಹಾಕಿದ್ದೆವು.

ತಿದ್ದುಪಡಿ ಒಂದು ಮಧ್ಯಾಹ್ನದ ಕೆಲಸ. ಇಬ್ಬರ ನಡುವೆ ಒಂದೇ ದಾರ ಇರಬೇಕೆಂಬ ನಿಯಮ ತೆಗೆದು, ಎಷ್ಟು ಬೇಕಾದರೂ ಇರಬಹುದು ಎಂದೆವು. ಹಣ ಬಿಡುಗಡೆಯಾಯಿತು. ಆದರೆ ಅಳಿಯನನ್ನು ಕಳೆದುಕೊಂಡ ಆ ಹಿರಿಯರು ಮೂರು ವಾರ ತಾವು ಯಾರೆಂದು ಸಾಬೀತು ಮಾಡುತ್ತಾ ಓಡಾಡಿದ್ದರು. ಅದನ್ನು ತಿದ್ದಲು ಬರುವುದಿಲ್ಲ.

ಹೊರನಾಡಿನಲ್ಲಿ ಇಂಥ ಕೆಲಸ ಮಾಡುವ ಕನ್ನಡಿಗರು ನಮ್ಮಲ್ಲಿ ಬಹಳ ಮಂದಿ. ವಿಕಿಡೇಟಾದಂಥ ತೆರೆದ ಜಾಲದಲ್ಲಿ ಯಾರು ಬೇಕಾದರೂ ಕನ್ನಡದ ಪದ, ಅರ್ಥ, ಸಂಬಂಧ ಸೇರಿಸಬಹುದು. ಅದಕ್ಕೂ ಮೊದಲು ಮಾಡಬಹುದಾದ್ದು ಇನ್ನೊಂದಿದೆ. ಮುಂದಿನ ಸಲ ಇಂಥ ಪಟ್ಟಿ ಒಪ್ಪಿಗೆಗೆ ಬಂದಾಗ, ಸಹಿ ಹಾಕುವ ಮುನ್ನ ನಮ್ಮ ಮನೆಯವರನ್ನೆಲ್ಲ ಅದರೊಳಗೆ ಕೂರಿಸಿ ನೋಡುವುದು. ನಾನು ಈಗ ಹಾಗೆ ಮಾಡುತ್ತೇನೆ.